ತಾಕದೆ ಹಾಯುವ ಪರಮಾಣುಬೀಜಗಳು

ಕಗ್ಗತ್ತಲ ರಾತ್ರಿ. ಘಟ್ಟದ ಇಕ್ಕಟ್ಟಾದ ರಸ್ತೆಯಲ್ಲಿ ಎರಡು ಲಾರಿಗಳು ಎದುರುಬದುರಾಗಿ ಬರುತ್ತಿವೆ ಎಂದು ಭಾವಿಸಿಕೊಳ್ಳಿ. ಅವು ಒಂದಕ್ಕೊಂದು ಡಿಕ್ಕಿ ಹೊಡೆದುವೆನ್ನಿ. ಮರುದಿನ ಬೆಳಿಗ್ಗೆ ನೋಡಹೋದವನಿಗೆ ಅಲ್ಲಿ ಕಾಣುವುದು ಪುಡಿಯಾದ ಗಾಜು, ನುಗ್ಗಾದ ತಗಡು, ರಸ್ತೆಯ ತುಂಬ ಚೆಲ್ಲಿದ ಸರಕು. ಯಾವ ಲಾರಿಯಲ್ಲಿ ಏನನ್ನು ಹೇಗೆ ಜೋಡಿಸಿದ್ದರು ಎಂಬುದನ್ನು ಆ ರಾಶಿಯಿಂದ ಊಹಿಸುವುದು ಬಹಳ ಕಷ್ಟ. ಅವೇ ಲಾರಿಗಳು ಡಿಕ್ಕಿ ಹೊಡೆಯದೆ, ಗೇಣಂತರದಲ್ಲಿ ಒಂದನ್ನೊಂದು ದಾಟಿ ಹೋದುವೆನ್ನಿ. ಆಗ ಒಂದರ ದೀಪದ ಬೆಳಕು ಕ್ಷಣಕಾಲ ಇನ್ನೊಂದರ ಮೈಮೇಲೆ ಬೀಳುತ್ತದೆ. ದಾರಿಯ ಬದಿಯಲ್ಲಿ ನಿಂತವನ ಕಣ್ಣು ಚುರುಕಾಗಿದ್ದರೆ, ಹೇರಿರುವುದು ಭತ್ತದ ಮೂಟೆಯೋ ಮರದ ದಿಮ್ಮಿಯೋ ಎಂಬುದನ್ನು ಆ ಒಂದು ಕ್ಷಣದಲ್ಲಿಯೇ ಅವನು ಹೇಳಿಬಿಡಬಲ್ಲ.

ಪರಮಾಣುವಿನ ಬೀಜವನ್ನು ಕುರಿತು ಈಚಿನ ವರ್ಷಗಳಲ್ಲಿ ದೊರೆತಿರುವ ಕೆಲವು ಅಪೂರ್ವ ಸಂಗತಿಗಳು ಹೀಗೆ ಡಿಕ್ಕಿ ಹೊಡೆಯದೆ ದಾಟಿ ಹೋದ ಬೀಜಗಳಿಂದಲೇ ನಮಗೆ ತಿಳಿದುಬಂದಿವೆ. ವಿಚಿತ್ರವೆಂದರೆ, ಅವು ದೊರೆತದ್ದು ಡಿಕ್ಕಿ ಹೊಡೆಸುವುದಕ್ಕೆಂದೇ ಕಟ್ಟಿದ ಯಂತ್ರಗಳಲ್ಲಿ.

ಜಿನೀವಾ ನಗರದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ನೆಲದಿಂದ ಸುಮಾರು ೧೦೦ ಮೀಟರ್ ಆಳದಲ್ಲಿ ೨೭ ಕಿಲೋಮೀಟರ್ ಸುತ್ತಳತೆಯ ಒಂದು ಸುರಂಗವಿದೆ. ೧೯೫೪ರಲ್ಲಿ ಸ್ಥಾಪಿತವಾದ ಸರ್ನ್ ಎಂಬ ಯೂರೋಪಿನ ಸಂಶೋಧನ ಸಂಸ್ಥೆಗೆ ಸೇರಿದ ಈ ಸುರಂಗದಲ್ಲಿ ‘ಲಾರ್ಜ್ ಹೇಡ್ರಾನ್ ಕೊಲೈಡರ್’ ಎಂಬ ಮಹಾಯಂತ್ರವನ್ನು ಸ್ಥಾಪಿಸಿದ್ದಾರೆ. ೨೦೧೦ರ ನವೆಂಬರಿನಿಂದ ಮೊದಲ್ಗೊಂಡು ಹಲವು ವರ್ಷಗಳಲ್ಲಿ ಕೆಲಕೆಲವು ವಾರ ಇದರಲ್ಲಿ ಸೀಸದ ಬೀಜಗಳನ್ನು ಎರಡು ಎದುರು ದಿಕ್ಕುಗಳಲ್ಲಿ ಓಡಿಸಿ ತಾಕಲಾಡಿಸಿದ್ದಾರೆ. ಅಮೆರಿಕದ ಲಾಂಗ್ ಐಲೆಂಡಿನಲ್ಲಿರುವ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ೨೦೦೦ದಲ್ಲಿ ಕೆಲಸ ಆರಂಭಿಸಿದ ಇನ್ನೊಂದು ಯಂತ್ರದಲ್ಲಿ ಇದೇ ಕಾರ್ಯವನ್ನು ಮುಖ್ಯವಾಗಿ ಚಿನ್ನದ ಬೀಜಗಳಿಂದ ನಡೆಸಿದರು. ಎರಡೆಡೆಯೂ ಮೊದಲ ಉದ್ದೇಶ ಒಂದೇ: ಭಾರವಾದ ಬೀಜಗಳನ್ನು ನೇರವಾಗಿ ಅಪ್ಪಳಿಸಿ, ವಿಶ್ವದ ಆದಿಯಲ್ಲಿದ್ದಿರಬಹುದಾದ ಅತ್ಯುಷ್ಣ ದ್ರವ್ಯದ ಒಂದು ಹನಿಯನ್ನು ಪಡೆಯುವುದು. ಅಂಥ ಒಂದು ತಾಕಲಾಟದಲ್ಲಿ ಸಾವಿರಾರು ಕಣಗಳು ಚಿಮ್ಮಿ ಬರುತ್ತವೆ. ಅದರ ಚಿತ್ರ ದೀಪಾವಳಿಯ ಬಾಣಬಿರುಸಿನಂತಿರುತ್ತದೆ.

ಸೀಸದ ಬೀಜದ ಅಳತೆ ಎಷ್ಟು? ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗವನ್ನು ಒಂದು ಫರ್ಮಿ ಎನ್ನುವರು. ೮೨ ಪ್ರೋಟಾನುಗಳೂ ೧೨೬ ನ್ಯೂಟ್ರಾನುಗಳೂ ಒತ್ತೊತ್ತಾಗಿ ಕೂಡಿ ಆದ ಸೀಸದ ಬೀಜದ ತ್ರಿಜ್ಯ ಸುಮಾರು ೭ ಫರ್ಮಿ. ಆದ್ದರಿಂದ ಎರಡು ಬೀಜಗಳ ಕೇಂದ್ರಗಳ ನಡುವಣ ಅಂತರ ೧೪ ಫರ್ಮಿಗಿಂತ ಹೆಚ್ಚಾಗಿದ್ದರೆ ಅವು ಒಂದನ್ನೊಂದು ಮುಟ್ಟುವುದಿಲ್ಲ. ಪ್ರೋಟಾನು ನ್ಯೂಟ್ರಾನುಗಳನ್ನು ಬಿಗಿದಿಡುವ ಪ್ರಬಲ ಬಲಕ್ಕೆ ಕೈ ಬಹಳ ಗಿಡ್ಡ; ಒಂದೆರಡು ಫರ್ಮಿಗಳಾಚೆ ಅದು ಚಾಚಲಾರದು. ಇಂಥ ಹಾಯುವಿಕೆಗಳನ್ನು ಶಾಸ್ತ್ರಜ್ಞರು ‘ಅತಿಪರಿಧೀಯ ಸಂಘಟ್ಟನೆ’ಗಳೆಂದು ಕರೆಯುವರು. ಹೆಸರು ದೊಡ್ಡದು, ಅರ್ಥ ಮಾತ್ರ ಇಷ್ಟೆ: ಅಂಚಿನಿಂದಾಚೆ ತಪ್ಪಿಹೋದ ಡಿಕ್ಕಿ. ಬಾಣಬಿರುಸನ್ನು ನೋಡಬಂದವರಿಗೆ ಇವು ಬೇಡದ ಗದ್ದಲವೆಂದು ತೋರಿದುದು ಸಹಜವೆ.

ಚಪ್ಪಟೆಯಾದ ಕದಂಬದ ಹೂ

ಮುಟ್ಟದಿದ್ದರೂ ಈ ಬೀಜಗಳು ಒಂದನ್ನೊಂದು ಪ್ರಭಾವಿಸುವುದುಂಟು. ಅದಕ್ಕೆ ಸಾಧನ ವಿದ್ಯುತ್ತು. ನಿಶ್ಚಲವಾದ ವಿದ್ಯುದಾವೇಶದ ಸುತ್ತ ಅದರ ಕ್ಷೇತ್ರವು, ಕದಂಬದ ಹೂವಿನ ಕೇಸರಗಳಂತೆ, ಎಲ್ಲ ದಿಕ್ಕುಗಳಿಗೂ ಸಮನಾಗಿ ಚಾಚಿಕೊಂಡಿರುತ್ತದೆ. ಆವೇಶವು ಬೆಳಕಿನ ವೇಗದ ಸಮೀಪಕ್ಕೆ ಬಂದಾಗ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಈ ಹೂವು ಚಲನೆಯ ದಿಕ್ಕಿನಲ್ಲಿ ಚಪ್ಪಟೆಯಾಗುತ್ತದೆ. ೨೦೧೫ ಮತ್ತು ೨೦೧೮ರಲ್ಲಿ ಜಿನೀವಾದ ಯಂತ್ರದಲ್ಲಿ ಓಡಿದ ಸೀಸದ ಬೀಜಗಳು ಬೆಳಕಿಗಿಂತ ಸೆಕೆಂಡಿಗೆ ಕೇವಲ ೨೧ ಮೀಟರುಗಳಷ್ಟು ಹಿಂದೆ ಬಿದ್ದಿದ್ದುವು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವಲ್ಲಿ ಈ ೨೧ ಮೀಟರ್ ಯಾವ ಲೆಕ್ಕ! ಆ ವೇಗದಲ್ಲಿ ಚಪ್ಪಟೆಯಾಗುವಿಕೆ ಸುಮಾರು ೨,೭೦೦ ಪಟ್ಟು. ಕದಂಬದ ಹೂ ಹಪ್ಪಳವಾಗುತ್ತದೆ. ಅಷ್ಟೇ ಅಲ್ಲ, ಚಲಿಸುವ ಆವೇಶದ ಜೊತೆಗೆ ಕಾಂತಕ್ಷೇತ್ರವೂ ಹುಟ್ಟುವುದರಿಂದ, ಈ ಹಪ್ಪಳದಲ್ಲಿ ವಿದ್ಯುತ್ಕ್ಷೇತ್ರ ಕಾಂತಕ್ಷೇತ್ರಗಳೆರಡೂ ಒಂದಕ್ಕೊಂದು ಲಂಬವಾಗಿಯೂ ಸರಿಸಮನಾಗಿಯೂ ಇರುತ್ತವೆ. ಕಾಲೇಜಿನಲ್ಲಿ ಬೆಳಕಿನ ತರಂಗವನ್ನು ಕುರಿತು ಓದಿರುವ ವಾಚಕರು ಇಲ್ಲಿ ತಟ್ಟನೆ ನಿಲ್ಲಬೇಕು. ಬೆಳಕೆಂದರೂ ಇದೇ ಅಲ್ಲವೆ?

ಹೌದು, ಇದೇ. ಈ ಹೋಲಿಕೆಯನ್ನು ಮೊದಲು ಲೆಕ್ಕಕ್ಕೆ ತಂದವನು ಎನ್ರಿಕೊ ಫರ್ಮಿ. ೧೯೨೪ರಲ್ಲಿ, ಇನ್ನೂ ಇಪ್ಪತ್ತಮೂರರ ಆಸುಪಾಸಿನ ತರುಣನಾಗಿದ್ದಾಗ, ವೇಗವಾಗಿ ಹಾದುಹೋಗುವ ಆವೇಶದ ಕ್ಷೇತ್ರವನ್ನು ಬೆಳಕಿನ ಒಂದು ಮಿಂಚಿಗೆ ಸಮಾನವೆಂದೆಣಿಸಬಹುದೆಂದು ಅವನು ತೋರಿಸಿಕೊಟ್ಟನು. ೧೯೩೪ರ ಸುಮಾರಿಗೆ ವೈಟ್ಸ್‌ಸೆಕರ್ ಮತ್ತು ವಿಲಿಯಮ್ಸ್ ಎಂಬಿಬ್ಬರು ಬೇರೆಬೇರೆಯಾಗಿ ಇದನ್ನು ಸಾಪೇಕ್ಷತೆಯ ವೇಗಗಳಿಗೂ ವಿಸ್ತರಿಸಿದರು. ಆ ಕಾಲದಲ್ಲಿ ಅದೊಂದು ಚಮತ್ಕಾರದ ಲೆಕ್ಕಮಾತ್ರವಾಗಿತ್ತು. ಮೇಲೆ ಹೇಳಿದ ಫರ್ಮಿ ಎಂಬ ಅಳತೆ ಅದೇ ಫರ್ಮಿಯ ಹೆಸರಿನದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ, ಓಡುವ ಪ್ರತಿಯೊಂದು ಸೀಸದ ಬೀಜವೂ ತನ್ನ ಸುತ್ತ ಫೋಟಾನುಗಳ, ಎಂದರೆ ಬೆಳಕಿನ ಕಣಗಳ, ಒಂದು ಪರಿವಾರವನ್ನು ಕಟ್ಟಿಕೊಂಡೇ ಓಡುತ್ತದೆ. ಆವೇಶ ಎಷ್ಟಿದೆಯೋ ಅದರ ವರ್ಗದಷ್ಟು ಫೋಟಾನುಗಳು. ಪ್ರೋಟಾನಿನ ಪರಿವಾರ ಒಂದಾದರೆ ಸೀಸದ್ದು ೮೨ರ ವರ್ಗ, ಅರ್ಥಾತ್ ೬,೭೨೪. ಭಾರವಾದ ಬೀಜಗಳೇ ಏಕೆ ಬೇಕೆಂಬುದಕ್ಕೆ ಈ ಒಂದು ಸಂಖ್ಯೆಯೇ ಉತ್ತರ. ಇನ್ನು ಆ ಬೆಳಕಿನ ತೀಕ್ಷ್ಣತೆ: ನಮ್ಮ ಕಣ್ಣಿಗೆ ಕಾಣುವ ಫೋಟಾನಿನ ಶಕ್ತಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್, ಇಲ್ಲಿಯ ಫೋಟಾನುಗಳದು ೭೫ ಶತಕೋಟಿ ಎಲೆಕ್ಟ್ರಾನ್ ವೋಲ್ಟಿನವರೆಗೂ ಹೋಗಬಲ್ಲುದು. ಎದುರಿನಿಂದ ನುಗ್ಗಿ ಬರುತ್ತಿರುವ ಇನ್ನೊಂದು ಬೀಜದ ದೃಷ್ಟಿಯಿಂದ ನೋಡಿದರೆ ಇದು ಮತ್ತೂ ಐದು ಸಾವಿರ ಪಟ್ಟಿಗಿಂತ ಹೆಚ್ಚು.

ಇಂಥ ಬೆಳಕು ತಾಗಿದ ಬೀಜ ಕೆಲವೊಮ್ಮೆ ಗಡಗಡನೆ ಅಲುಗಿ ಒಂದೆರಡು ನ್ಯೂಟ್ರಾನುಗಳನ್ನು ಉದುರಿಸುತ್ತದೆ. ಅಪರೂಪಕ್ಕೆ ಮೂರು ಪ್ರೋಟಾನುಗಳನ್ನು ಕಳೆದುಕೊಳ್ಳುವುದೂ ಉಂಟು. ೮೨ರಲ್ಲಿ ಮೂರು ಕಳೆದರೆ ೭೯. ಆ ಸಂಖ್ಯೆಯ ಧಾತು ಚಿನ್ನ! ಜಿನೀವಾದ ‘ಆಲಿಸ್’ ತಂಡದವರು ೨೦೨೫ರ ಮೇ ತಿಂಗಳಲ್ಲಿ ಇದನ್ನು ಪ್ರಕಟಿಸಿದರು. ಅವರ ಎಣಿಕೆಯಂತೆ ೨೦೧೫ರಿಂದ ೨೦೧೮ರವರೆಗಿನ ಅವಧಿಯಲ್ಲಿ ಆ ಯಂತ್ರದಲ್ಲಿ ೮,೬೦೦ ಕೋಟಿ ಚಿನ್ನದ ಬೀಜಗಳು ಹುಟ್ಟಿದುವು. ಒಟ್ಟು ತೂಕ ಒಂದು ಗ್ರಾಮಿನ ಲಕ್ಷ ಕೋಟಿ ಭಾಗಗಳಲ್ಲಿ ೨೯. ಸ್ಪರ್ಶಮಣಿ ಮುಟ್ಟಿದರೆ ಕಬ್ಬಿಣ ಚಿನ್ನವಾಗುತ್ತದೆಂದು ನಮ್ಮ ಹಿರಿಯರು ಕಥೆ ಹೇಳುತ್ತಿದ್ದರು; ಇಲ್ಲಿಯೋ ಮುಟ್ಟದೆಯೇ ಸೀಸ ಚಿನ್ನವಾಗುತ್ತದೆ. ಮೂಗುಬೊಟ್ಟಿನ ಆಸೆ ಮಾತ್ರ ಬೇಡ. ಹುಟ್ಟಿದ ಚಿನ್ನವು ನಿಮಿಷಾರ್ಧವೂ ನಿಲ್ಲದೆ ಕೊಳವೆಯ ಗೋಡೆಗೆ ಬಡಿದು ಚೂರಾಗುತ್ತದೆ.

ಬೆಳಕು ತೊಡುವ ವೇಷ

ಈಗ ಮುಖ್ಯ ಕಥೆಗೆ ಬರೋಣ. ಫೋಟಾನಿಗೆ ಒಂದು ವಿಚಿತ್ರ ಸ್ವಭಾವವುಂಟು. ಕ್ವಾಂಟಂ ನಿಯಮಗಳ ಪ್ರಕಾರ ಅದು ಅತ್ಯಲ್ಪ ಕಾಲದವರೆಗೆ ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್‌ಗಳ ಜೋಡಿಯಾಗಿ ಒಡೆದು ಮತ್ತೆ ಕೂಡಿಕೊಳ್ಳಬಲ್ಲುದು. ಇದು ಸಾಲ ತಂದ ಹಣದಲ್ಲಿ ನಡೆಸಿದ ಸಂಸಾರ. ಬರಿದಾದ ಆಕಾಶದಲ್ಲಾದರೆ ಸಾಲ ತೀರಿಸಿ ಜೋಡಿ ಮತ್ತೆ ಫೋಟಾನಾಗಲೇಬೇಕು. ಆದರೆ ಆ ಅಲ್ಪಕಾಲದಲ್ಲಿಯೇ ದಾರಿಗೆ ಒಂದು ಪರಮಾಣುಬೀಜ ಅಡ್ಡಬಂದರೆ? ಆಗ ಬೀಜದ ಪ್ರಬಲ ಬಲ ಆ ಜೋಡಿಯನ್ನು ಹಿಡಿದು ತುಸು ತಳ್ಳುತ್ತದೆ. ಅಷ್ಟರಿಂದಲೇ ಸಾಲ ತೀರಿ, ಜೋಡಿ ನಿಜವಾದ ಕಣವಾಗಿ, ಒಂದು ಮೆಸಾನಾಗಿ, ಹೊರಬರುತ್ತದೆ.

ಯಾವ ಮೆಸಾನೆಂದರೆ ಆ ಮೆಸಾನಲ್ಲ. ವೇಷ ಬದಲಾದರೂ ವೇಷಧಾರಿಯ ಎತ್ತರ ಬದಲಾಗದು. ಫೋಟಾನಿನ ಗಿರಕಿ ಒಂದು ಮಾನ, ವಿದ್ಯುದಾವೇಶ ಸೊನ್ನೆ. ಕನ್ನಡಿಯಲ್ಲಿ ಪ್ರತಿಫಲಿಸಿದಾಗ ಅದರ ತರಂಗದ ಚಿಹ್ನೆ ತಿರುಗುಮುರುಗಾಗುತ್ತದೆ. ಈ ಲಕ್ಷಣಗಳೆಲ್ಲ ಇರುವ ಮೆಸಾನಿಗೆ ಸದಿಶ ಮೆಸಾನ್ ಎಂದು ಹೆಸರು. ರೋ, ಒಮೆಗಾ, ಫೈ, ಜೆ-ಸೈ, ಉಪ್ಸಿಲಾನ್ ಎಂಬುವು ಈ ಕುಲದವು. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೆ. ಜೆ. ಸಕುರಾಯ್ ಅವರು ೧೯೬೦ರಲ್ಲಿ ಸದಿಶ ಮೆಸಾನುಗಳ ಸಿದ್ಧಾಂತವೊಂದನ್ನು ಮುಂದಿಟ್ಟರು. ಮರುವರ್ಷವೇ ರೋ ಮೆಸಾನು ಪ್ರಯೋಗದಲ್ಲಿ ಕಾಣಿಸಿಕೊಂಡಿತು. ಬೆಳಕು ಪ್ರಬಲ ಬಲದ ಲೋಕಕ್ಕೆ ಕಾಲಿಡುವುದು ಈ ಮೆಸಾನುಗಳ ವೇಷದಲ್ಲಿಯೇ ಎಂಬ ಭಾವನೆ ಬಲವಾಯಿತು.

ಹುಟ್ಟಿದ ಮೆಸಾನನ್ನು ಪತ್ತೆಹಚ್ಚುವುದು ಹೇಗೆ? ಸದ್ದಿಲ್ಲದಿರುವುದೇ ಅದರ ಗುರುತು. ರೋ ಮೆಸಾನಾದರೆ ಒಡೆದು ಎರಡು ಪಯಾನುಗಳಾಗುತ್ತದೆ. ಜೆ-ಸೈ ಕೆಲವೊಮ್ಮೆ ಎರಡು ಮ್ಯುಆನುಗಳಾಗಿ ಅಥವಾ ಎಲೆಕ್ಟ್ರಾನು ಪಾಸಿಟ್ರಾನುಗಳಾಗಿ ಒಡೆಯುತ್ತದೆ. ಬೀಜಗಳೆರಡೂ ಬಹುಮಟ್ಟಿಗೆ ಅಖಂಡವಾಗಿ ತಮ್ಮ ದಾರಿ ಹಿಡಿದು ಹೋಗಿಬಿಟ್ಟಿರುತ್ತವೆ. ಮನೆಯಷ್ಟು ದೊಡ್ಡ ಶೋಧಕ, ಸಾವಿರಾರು ಗೆರೆಗಳನ್ನು ಒಮ್ಮೆಗೇ ಗುರುತಿಸಬಲ್ಲದ್ದು, ಈಗ ಎರಡೇ ಎರಡು ಗೆರೆಗಳನ್ನು ತೋರಿಸಿ ಸುಮ್ಮನಿರುತ್ತದೆ. ಬಾಣಬಿರುಸಿನ ಚಿತ್ರಗಳನ್ನು ಪುಸ್ತಕಗಳ ಮುಖಪುಟಗಳಲ್ಲಿ ಅಚ್ಚುಹಾಕುವುದು ವಾಡಿಕೆ. ನನ್ನನ್ನು ಕೇಳಿದರೆ ಈ ಎರಡು ಗೆರೆಗಳ ಚಿತ್ರವೇ ಹೆಚ್ಚು ಸುಂದರ.

ಆ ಎರಡು ಕಣಗಳ ಸಂವೇಗಗಳನ್ನು ಕೂಡಿಸಿದರೆ ಮೆಸಾನು ಪಕ್ಕಕ್ಕೆ ಎಷ್ಟು ಸರಿದಿತ್ತೆಂಬುದು ತಿಳಿಯುತ್ತದೆ. ಸಾಮಾನ್ಯವಾಗಿ ಅದು ಬಹಳ ಅಲ್ಪ. ಸಣ್ಣ ರಂಧ್ರದಿಂದ ಹೊರಟ ಬೆಳಕು ಅಗಲವಾಗಿ ಹರಡುವುದೆಂದೂ, ದೊಡ್ಡ ರಂಧ್ರದಿಂದ ಹೊರಟುದು ಕಿರಿದಾಗಿ ಹರಡುವುದೆಂದೂ ವಿದ್ಯಾರ್ಥಿಗಳು ವಿವರ್ತನೆಯ ಪಾಠದಲ್ಲಿ ಓದಿರುತ್ತಾರೆ. ಇಲ್ಲಿಯೂ ಅದೇ ನ್ಯಾಯ. ಪಕ್ಕದ ಸಂವೇಗ ಅಲ್ಪವಾಗಿರುವುದರಿಂದ ಮೆಸಾನು ಯಾವುದೋ ಒಂದು ಪ್ರೋಟಾನಿಗೆ ತಾಗಿ ಹುಟ್ಟಿದ್ದಲ್ಲ, ಇಡೀ ಬೀಜವೇ ಒಂದಾಗಿ ಅದಕ್ಕೆ ಜನ್ಮವಿತ್ತಿದೆ ಎಂದು ಸಿದ್ಧವಾಗುತ್ತದೆ. ಮತ್ತು ಆ ಹರಡುವಿಕೆಯನ್ನು ಅಳೆದರೆ ಬೀಜದ ಗಾತ್ರವೂ ಸಿಕ್ಕೀತು.

ಬೀಜದೊಳಗಿನ ನೆರಳು

೧೯೭೪ರ ನವೆಂಬರ್ ೧೧ರಂದು ಅಮೆರಿಕದ ಎರಡು ತಂಡಗಳು ಒಂದೇ ಹೊಸ ಕಣವನ್ನು ಏಕಕಾಲದಲ್ಲಿ ಸಾರಿದುವು. ಬ್ರೂಕ್‌ಹೇವನಿನಲ್ಲಿ ದುಡಿದ ಸ್ಯಾಮ್ಯುಯೆಲ್ ಟಿಂಗ್ ಅದನ್ನು ಜೆ ಎಂದು ಕರೆದರೆ, ಸ್ಟ್ಯಾನ್‌ಫರ್ಡಿನ ಬರ್ಟನ್ ರಿಕ್ಟರ್ ಸೈ ಎಂದು ಕರೆದರು. ಇಬ್ಬರ ಹೆಸರೂ ಉಳಿದು ಅದು ಜೆ-ಸೈ ಆಯಿತು. ೧೯೭೬ರ ನೊಬೆಲ್ ಪಾರಿತೋಷಕವೂ ಇಬ್ಬರಿಗೂ ಹಂಚಿಹೋಯಿತು. ಪ್ರೋಟಾನಿನ ಮೂರು ಪಟ್ಟಿಗೂ ಮಿಕ್ಕು ಭಾರವಾದ ಈ ಕಣ ‘ಚಾರ್ಮ್’ ಎಂಬ ಭಾರದ ಕ್ವಾರ್ಕ್ ಮತ್ತು ಅದರ ಪ್ರತಿಕಣಗಳಿಂದಾದುದು. ಈ ಜೋಡಿ ಬಹಳ ಚಿಕ್ಕದು, ಒತ್ತಾದುದು. ಇದನ್ನು ಹಿಡಿದು ತಳ್ಳಬೇಕಾದರೆ ಬೀಜವು ತನ್ನ ಗ್ಲೂಆನುಗಳನ್ನು, ಅಂದರೆ ಕ್ವಾರ್ಕ್‌ಗಳನ್ನು ಅಂಟಿಸುವ ಕಣಗಳನ್ನು, ಒಂದಲ್ಲ, ಎರಡೆರಡಾಗಿ ಉಪಯೋಗಿಸಬೇಕಾಗುತ್ತದೆ. ಆದ್ದರಿಂದ ಹುಟ್ಟುವ ಜೆ-ಸೈಗಳ ಸಂಖ್ಯೆ ಗ್ಲೂಆನುಗಳ ದಟ್ಟಣೆಯ ವರ್ಗವನ್ನು ಅನುಸರಿಸುತ್ತದೆ. ಜೆ-ಸೈಗಳನ್ನು ಎಣಿಸಿದರೆ ಬೀಜದೊಳಗಿನ ಗ್ಲೂಆನುಗಳನ್ನು ಎಣಿಸಿದಂತೆ.

ಈ ಎಣಿಕೆಯಿಂದೇನು ಪ್ರಯೋಜನ ಎಂದು ಕೇಳಬಹುದು. ನಮ್ಮ ಮೈಯ ತೂಕದ ಬಹುಭಾಗ ಕ್ವಾರ್ಕ್‌ಗಳ ತೂಕವಲ್ಲ, ಅವುಗಳನ್ನು ಬಂಧಿಸಿರುವ ಗ್ಲೂಆನುಗಳ ಮತ್ತು ಚಲನೆಯ ಶಕ್ತಿ. ಹ್ಯಾಂಬರ್ಗಿನಲ್ಲಿ ೧೯೯೨ರಿಂದ ೨೦೦೭ರವರೆಗೆ ಎಲೆಕ್ಟ್ರಾನುಗಳಿಂದ ಪ್ರೋಟಾನನ್ನು ಪರೀಕ್ಷಿಸಿದಾಗ ಒಂದು ಕಳವಳಕಾರಿ ಸಂಗತಿ ಹೊರಬಿದ್ದಿತು. ಪ್ರೋಟಾನಿನ ಸಂವೇಗದಲ್ಲಿ ಹತ್ತರಲ್ಲೊಂದು, ನೂರರಲ್ಲೊಂದು, ಸಾವಿರದಲ್ಲೊಂದು ಪಾಲನ್ನು ಹೊತ್ತ ಗ್ಲೂಆನುಗಳನ್ನು ಹುಡುಕುತ್ತ ಹೋದಂತೆ ಅವುಗಳ ಸಂಖ್ಯೆ ಏರುತ್ತಲೇ ಹೋಯಿತು. ಏರಿಕೆ ಎಲ್ಲಿಯೂ ನಿಲ್ಲದಿದ್ದರೆ ಸಿದ್ಧಾಂತವೇ ಕೆಡುತ್ತದೆ. ಎಲ್ಲೋ ಒಂದೆಡೆ ಗ್ಲೂಆನುಗಳು ಒಂದರೊಡನೊಂದು ಕೂಡಿಹೋಗಿ, ಹುಟ್ಟು ಸಾವುಗಳು ಸರಿಹೊಂದಿ, ತುಂಬಿದ ಕೆರೆ ಕೋಡಿ ಹರಿದಂತಾಗಬೇಕು. ಒಂದು ಪ್ರೋಟಾನಿಗಿಂತ ೨೦೮ ಕಣಗಳು ಕಿಕ್ಕಿರಿದ ಸೀಸದಲ್ಲಿ ಈ ಕೋಡಿ ಬೇಗ ಕಾಣಬೇಕಷ್ಟೆ?

‘ಆಲಿಸ್’ ತಂಡದವರು ೨೦೧೧ರಲ್ಲಿ ಸಂಗ್ರಹಿಸಿದ ಮಾಹಿತಿಯಿಂದ ಈ ಬಗೆಯ ಜೆ-ಸೈಗಳ ಮೊದಲ ಫಲಿತಾಂಶವನ್ನು ೨೦೧೩ರಲ್ಲಿ ಪ್ರಕಟಿಸಿದರು. ಅಂದು ಮ್ಯುಆನುಗಳ ಜಾಡು ಹಿಡಿದ ಉಪಕರಣದ ವಿದ್ಯುತ್ಸಂಜ್ಞೆಗಳನ್ನು ಓದುತ್ತಿದ್ದ ‘ಮಾನಸ್’ ಎಂಬ ಪುಟ್ಟ ಚಿಪ್ಪುಗಳನ್ನು ರೂಪಿಸಿದವರು ಕಲ್ಕತ್ತೆಯ ಸಾಹಾ ಸಂಸ್ಥೆಯವರೆಂಬುದು, ತಯಾರಾದದ್ದು ಚಂಡೀಗಢದಲ್ಲೆಂಬುದು ನಮಗೆ ಸಂತೋಷದ ವಿಷಯ. ಮುಂದಿನ ಅಳತೆಗಳಿಂದ ಚಿತ್ರ ಸ್ಪಷ್ಟವಾಯಿತು. ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಸೀಸದೊಳಗಿನ ಗ್ಲೂಆನುಗಳು, ೨೦೮ ಬಿಡಿ ಕಣಗಳಲ್ಲಿ ಇರಬೇಕಾಗಿದ್ದುದರ ೦.೬೫ರಷ್ಟು ಮಾತ್ರ. ವರ್ಗ ಮಾಡಿದರೆ ೦.೪೨, ಎಂದರೆ ನಿರೀಕ್ಷಿಸಿದ ಜೆ-ಸೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಲೇ ಇಲ್ಲ. ಮುಂದೆ ನಿಂತವನ ನೆರಳು ಹಿಂದೆ ನಿಂತವನ ಮೇಲೆ ಬೀಳುವಂತೆ ಬೀಜದ ಕಣಗಳು ಒಂದನ್ನೊಂದು ಮರೆಮಾಡುತ್ತವೆ.

ನೆರಳು ಇನ್ನೂ ಗಾಢವಾಗುವುದೋ ಎಂದು ನೋಡಲು ಹೊರಟಾಗ ಒಂದು ತೊಡಕು ಎದುರಾಯಿತು. ಲಾರಿಗಳೆರಡಕ್ಕೂ ದೀಪಗಳಿವೆಯಷ್ಟೆ. ಶೋಧಕದ ಒಂದು ಬದಿಗೆ ಬಂದ ಜೆ-ಸೈ, ಎಡಗಡೆಯ ಬೀಜದ ಮಂದವಾದ ಬೆಳಕಿನಿಂದ ಹುಟ್ಟಿತೋ ಬಲಗಡೆಯ ಬೀಜದ ತೀಕ್ಷ್ಣವಾದ ಬೆಳಕಿನಿಂದ ಹುಟ್ಟಿತೋ ತಿಳಿಯದು. ಬಿಡಿಸಿದ ಬಗೆ ಮೆಚ್ಚತಕ್ಕದ್ದು. ಬೀಜಗಳು ಹತ್ತಿರದಲ್ಲಿ ಹಾದಷ್ಟೂ ತೀಕ್ಷ್ಣವಾದ ಫೋಟಾನುಗಳು ಹೆಚ್ಚು. ಜೊತೆಗೆ ಬೇರೆ ಫೋಟಾನುಗಳು ತಾಗಿ ಬೀಜಗಳು ಅಲುಗಿ ನ್ಯೂಟ್ರಾನುಗಳನ್ನು ಉದುರಿಸುವ ಸಂಭವವೂ ಹೆಚ್ಚು. ತಾಕಲಾಟದ ಸ್ಥಳದಿಂದ ಎರಡೂ ಕಡೆಗೆ ೧೧೨ ಮೀಟರಿಗೂ ಮಿಕ್ಕ ದೂರದಲ್ಲಿ ‘ಆಲಿಸ್’ ತಂಡ ಇಟ್ಟ ಉಪಕರಣಗಳು ಉದುರಿದ ನ್ಯೂಟ್ರಾನುಗಳನ್ನು ಎಣಿಸುತ್ತವೆ. ನ್ಯೂಟ್ರಾನು ಬಂದ ಘಟನೆಗಳನ್ನೂ ಬಾರದ ಘಟನೆಗಳನ್ನೂ ಬೇರೆಬೇರೆ ಎಣಿಸಿ, ಎರಡು ಸಮೀಕರಣಗಳಿಂದ ಎರಡು ಅಜ್ಞಾತಗಳನ್ನು ಕಂಡುಹಿಡಿಯುವಂತೆ, ಮಂದ ಬೆಳಕಿನ ಪಾಲನ್ನೂ ತೀಕ್ಷ್ಣ ಬೆಳಕಿನ ಪಾಲನ್ನೂ ಬಿಡಿಸಿದರು. ‘ಆಲಿಸ್’ ಮತ್ತು ‘ಸಿಎಂಎಸ್’ ತಂಡಗಳು ೨೦೨೩ರಲ್ಲಿ ಪ್ರಕಟಿಸಿದ ಈ ಲೆಕ್ಕ ಲಕ್ಷದಲ್ಲೊಂದು ಪಾಲಿನ ಗ್ಲೂಆನುಗಳವರೆಗೂ ಇಳಿದಿದೆ. ಶಕ್ತಿ ಏರಿದಂತೆ ಜೆ-ಸೈಗಳ ಸಂಖ್ಯೆ ಮೊದಲು ಕಡಿದಾಗಿ ಏರಿ, ಆಮೇಲೆ ಏರಿಕೆ ಕುಂಟುತ್ತದೆ; ನೆರಳು ಗಾಢವಾಗುತ್ತ ಹೋಗುತ್ತದೆ. ಕೆರೆ ಕೋಡಿ ಬಿದ್ದುದರ ಕುರುಹೇ ಇದು? ಕೆಲವರು ಹೌದೆನ್ನುವರು. ಕೋಡಿಯ ಕಲ್ಪನೆಯಿಲ್ಲದೆ ಬರಿಯ ನೆರಳಿನ ಲೆಕ್ಕದಿಂದಲೇ ಇದನ್ನು ವಿವರಿಸಬಹುದೆಂದು ಬೇರೆಯವರ ವಾದ. ತೀರ್ಮಾನವಾಗಿಲ್ಲ.

ಎರಡು ಬೀಜ, ಎರಡು ಸೀಳು

ಯಾವ ಬೀಜ ಬೆಳಕು ಬೀರಿತು ಎಂಬ ಪ್ರಶ್ನೆ ಜೆ-ಸೈ ಎಣಿಸುವವರಿಗೆ ತಲೆನೋವು. ಇದೇ ಪ್ರಶ್ನೆಯನ್ನು ಉತ್ತರಿಸದೆಯೇ ಬಿಟ್ಟರೆ ಏನಾಗುತ್ತದೆ? ಎರಡು ದಾರಿಗಳಲ್ಲಿ ಯಾವುದೆಂದು ತಿಳಿಯಲಾಗದಿದ್ದರೆ ಕ್ವಾಂಟಂ ಶಾಸ್ತ್ರದಲ್ಲಿ ಎರಡೂ ದಾರಿಗಳ ತರಂಗಗಳನ್ನು ಕೂಡಿಸಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ಎರಡು ಸೀಳುಗಳ ಮೂಲಕ ಬೆಳಕನ್ನು ಹಾಯಿಸಿ ಕಂಡ ಕಪ್ಪು ಬಿಳುಪು ಪಟ್ಟೆಗಳ ಮೂಲ ಇದೇ. ಬರ್ಕ್‌ಲಿಯ ಸ್ಪೆನ್ಸರ್ ಕ್ಲೈನ್ ಮತ್ತು ಯೋಕಿಮ್ ನೀಸ್ಟ್ರಾಂಡ್ ಎಂಬಿಬ್ಬರು ೨೦೦೦ದಲ್ಲಿ, ಹಾಯ್ದುಹೋಗುವ ಎರಡು ಬೀಜಗಳೂ ಎರಡು ಸೀಳುಗಳಂತೆ ವರ್ತಿಸಬೇಕೆಂದು ವಾದಿಸಿದರು. ಮೇಲೆ ಹೇಳಿದ ಕನ್ನಡಿಯ ಗುಣದಿಂದಾಗಿ ಎರಡು ಕಡೆಯ ತರಂಗಗಳ ಚಿಹ್ನೆಗಳು ವಿರುದ್ಧ. ಆದ್ದರಿಂದ ಸರಿಮಧ್ಯದಲ್ಲಿ, ಪಕ್ಕಕ್ಕೆ ಒಂದಿಷ್ಟೂ ಸರಿಯದೆ ಹೊರಡಬೇಕಾದ ಮೆಸಾನುಗಳು ಪರಸ್ಪರ ಅಳಿಸಿಹೋಗಿ ಅಲ್ಲಿ ಕಪ್ಪು ಪಟ್ಟೆಯೊಂದು ಕಾಣಬೇಕು.

ಇಲ್ಲೊಂದು ಗಹನವಾದ ತೊಡಕಿದೆ. ರೋ ಮೆಸಾನಿನ ಆಯುಸ್ಸು ಎಷ್ಟು ಕಡಿಮೆಯೆಂದರೆ ಅಷ್ಟರಲ್ಲಿ ಬೆಳಕು ಓಡುವುದು ಕೇವಲ ೧.೩ ಫರ್ಮಿ. ಬೀಜಗಳ ನಡುವಣ ಅಂತರವೋ ಸಾಮಾನ್ಯವಾಗಿ ೨೦ ಫರ್ಮಿ ಅಥವಾ ಅದಕ್ಕೂ ಹೆಚ್ಚು. ಒಂದು ಬೀಜದ ಬಳಿ ಹುಟ್ಟಿದ ರೋ, ಇನ್ನೊಂದರ ಬಳಿ ಹುಟ್ಟಬಹುದಾಗಿದ್ದ ರೋವಿನ ತರಂಗ ತನ್ನೆಡೆಗೆ ಬರುವ ಮೊದಲೇ ಸತ್ತುಹೋಗಿ ಎರಡು ಪಯಾನುಗಳನ್ನು ಬಿಟ್ಟಿರುತ್ತದೆ. ಸತ್ತವರ ತರಂಗಗಳು ಹೇಗೆ ಕೂಡಿಯಾವು? ಆ ಎರಡು ಪಯಾನುಗಳಲ್ಲಿ ಒಂದು ಧನ, ಒಂದು ಋಣ. ಅವು ಒಂದೇ ಬಗೆಯವೂ ಅಲ್ಲ. ಆದರೂ ವ್ಯತಿಕರಣ ನಡೆಯಬೇಕಾದರೆ ಒಂದೇ ದಾರಿ: ಆ ಎರಡು ಪಯಾನುಗಳು ಎಷ್ಟೇ ದೂರ ಹೋದರೂ ಒಂದೇ ಹೆಣಿಗೆಯ ಎರಡು ಎಳೆಗಳಂತೆ ಉಳಿದು, ಜೋಡಿಗೆ ಜೋಡಿಯೇ ಒಂದು ತರಂಗವಾಗಿರಬೇಕು, ಈ ಬೀಜದ ಜೋಡಿ ಮತ್ತು ಆ ಬೀಜದ ಜೋಡಿ ಇವುಗಳ ತರಂಗಗಳು ಕೂಡಿಕೊಳ್ಳಬೇಕು. ೧೯೩೫ರಲ್ಲಿ ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸನ್ ಮೂವರೂ ಸೇರಿ ಆಕ್ಷೇಪಿಸಿದ್ದ ಹೆಣಿಗೆ ಇದೇ.

ಬ್ರೂಕ್‌ಹೇವನಿನ ‘ಸ್ಟಾರ್’ ತಂಡದವರು ಇಂಥ ರೋಗಳನ್ನು ೨೦೦೨ರಲ್ಲಿ ಮೊದಲು ಪ್ರಕಟಿಸಿದ್ದರು. ೨೦೦೯ರಲ್ಲಿ ಅವರು ಕಪ್ಪು ಪಟ್ಟೆಯನ್ನೂ ತೋರಿಸಿದರು. ಕಂಡ ವ್ಯತಿಕರಣ, ನಿರೀಕ್ಷಿಸಿದ್ದುದರ ಶೇಕಡ ೮೭. ಅಳತೆಯ ಅನಿಶ್ಚಯವನ್ನು ಗಣಿಸಿದರೆ ಬಹುತೇಕ ಪೂರ್ಣ.

ಬೀಜದ ಗಾತ್ರವನ್ನು ಅಳೆಯಲು ಹೋದಾಗ ಮಾತ್ರ ಲೆಕ್ಕ ಕೂಡಿಬರಲಿಲ್ಲ. ರೋಗಳ ಹರಡುವಿಕೆಯಿಂದ ಪಡೆದ ಚಿನ್ನದ ಬೀಜದ ತ್ರಿಜ್ಯ, ಬೇರೆ ವಿಧಾನಗಳಿಂದ ತಿಳಿದುದಕ್ಕಿಂತ ಒಂದು ಫರ್ಮಿಗಿಂತಲೂ ದೊಡ್ಡದಾಗಿ ಬರುತ್ತಿತ್ತು. ಏಳರಲ್ಲಿ ಒಂದು ತಪ್ಪಿದರೆ ಅದನ್ನು ಅಳತೆ ಎನ್ನುವುದೆಂತು? ಉತ್ತರ ಬೆಳಕಿನ ಧ್ರುವೀಕರಣದಲ್ಲಿತ್ತು. ಕದಂಬದ ಕೇಸರಗಳು ಕೇಂದ್ರದಿಂದ ಹೊರಕ್ಕೆ ಮುಖ ಮಾಡಿರುವುದರಿಂದ ಇನ್ನೊಂದು ಬೀಜಕ್ಕೆ ತಲುಪುವ ಬೆಳಕಿನ ಕಂಪನ ಎರಡು ಬೀಜಗಳನ್ನು ಕೂಡಿಸುವ ರೇಖೆಯಲ್ಲಿಯೇ ನಡೆಯುತ್ತದೆ. ರೋ ಮೆಸಾನು ಆ ದಿಕ್ಕನ್ನು ಬಳುವಳಿಯಾಗಿ ಪಡೆದು, ತನ್ನ ಪಯಾನುಗಳನ್ನು ಅದೇ ದಿಕ್ಕಿನಲ್ಲಿ ಹೆಚ್ಚಾಗಿ ಎಸೆಯುತ್ತದೆ. ಆದಕಾರಣ ಯಾವ ದಿಕ್ಕಿನಿಂದ ನೋಡುತ್ತೇವೋ ಅದರ ಮೇಲೆ ಬೀಜದ ತೋರಿಕೆಯ ಗಾತ್ರ ಬದಲಾಗುತ್ತದೆ. ಒಂದು ದಿಕ್ಕಿನಲ್ಲಿ ವ್ಯತಿಕರಣ ಚಿತ್ರವನ್ನು ಮಸುಕುಮಾಡಿದರೆ ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಚಿತ್ರ ಸ್ಪಷ್ಟ. ಇಷ್ಟು ದಿನ ಎರಡನ್ನೂ ಬೆರಸಿ ನೋಡುತ್ತಿದ್ದರು. ೨೦೨೩ರ ಜನವರಿಯಲ್ಲಿ ‘ಸ್ಟಾರ್’ ತಂಡ ಪ್ರಕಟಿಸಿದ ಲೇಖನದಲ್ಲಿ ದಿಕ್ಕುಗಳನ್ನು ಬೇರ್ಪಡಿಸಿ ಲೆಕ್ಕ ಹಾಕಿದಾಗ ಚಿನ್ನದ ತ್ರಿಜ್ಯ ೬.೫೩ ಫರ್ಮಿ, ಯುರೇನಿಯಮ್ಮಿನದು ೭.೨೯ ಫರ್ಮಿ ಎಂದು ಬಂದಿತು; ತಪ್ಪುವ ಸಾಧ್ಯತೆ ಮೊದಲನೆಯದರಲ್ಲಿ ೦.೦೬, ಎರಡನೆಯದರಲ್ಲಿ ೦.೦೮. ಸಂಶಯ ನಿವಾರಣೆಗಾಗಿ ಪ್ರೋಟಾನು ಮತ್ತು ಚಿನ್ನದ ಹಾಯುವಿಕೆಗಳನ್ನೂ ಪರೀಕ್ಷಿಸಿದರು. ಪ್ರೋಟಾನಿನ ಬೆಳಕು ಲೆಕ್ಕಕ್ಕೆ ಬಾರದಷ್ಟು ಮಂದವಾದ್ದರಿಂದ ಅಲ್ಲಿ ಸೀಳು ಒಂದೇ. ಎರಡು ಸೀಳಿನ ವಿನ್ಯಾಸ ಕಾಣಬಾರದು. ಕಾಣಲಿಲ್ಲ.

ಈ ಅಳತೆಯಲ್ಲಿ ಒಂದು ವಿಶೇಷವಿದೆ. ಎಲೆಕ್ಟ್ರಾನುಗಳಿಂದ ಬೀಜವನ್ನು ಪರೀಕ್ಷಿಸಿದರೆ ಆವೇಶವುಳ್ಳ ಪ್ರೋಟಾನುಗಳಷ್ಟೇ ಕಾಣುತ್ತವೆ. ರೋ ಮೆಸಾನು ಹುಟ್ಟುವುದು ಗ್ಲೂಆನುಗಳಿಂದ. ಗ್ಲೂಆನು ಪ್ರೋಟಾನಿನಲ್ಲಿಯೂ ಉಂಟು, ನ್ಯೂಟ್ರಾನಿನಲ್ಲಿಯೂ ಉಂಟು. ಎರಡು ಅಳತೆಗಳನ್ನು ಹೋಲಿಸಿದರೆ ಭಾರವಾದ ಬೀಜದ ಹೊರಮೈಯಲ್ಲಿ ನ್ಯೂಟ್ರಾನುಗಳದೇ ಒಂದು ತೆಳುವಾದ ಸಿಪ್ಪೆ ಇರುವುದು ಕಂಡುಬರುತ್ತದೆ: ಚಿನ್ನದಲ್ಲಿ ಸುಮಾರು ೦.೧೭ ಫರ್ಮಿ, ಯುರೇನಿಯಮ್ಮಿನಲ್ಲಿ ೦.೪೪. ಈ ಸಿಪ್ಪೆಯ ದಪ್ಪವನ್ನು ನಿರ್ಧರಿಸುವ ಒತ್ತಡವೇ, ಹತ್ತಾರು ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿಯದಂತೆಯೂ ತಡೆಯುತ್ತದೆ. ಆದ್ದರಿಂದ ಖಗೋಳಜ್ಞರೂ ಈ ದಶಮಾಂಶಗಳ ಮೇಲೆ ಕಣ್ಣಿಟ್ಟಿದ್ದಾರೆ.

ಬ್ರೂಕ್‌ಹೇವನಿನ ಅದೇ ಸುರಂಗದಲ್ಲಿ ಎಲೆಕ್ಟ್ರಾನುಗಳನ್ನೂ ಭಾರದ ಬೀಜಗಳನ್ನೂ ಎದುರುಬದುರಾಗಿ ಓಡಿಸುವ ಹೊಸ ಯಂತ್ರದ ಯೋಜನೆ ಸಿದ್ಧವಾಗಿದೆ. ಅಲ್ಲಿ ಬೆಳಕು ಬೀರುವುದು ಎಲೆಕ್ಟ್ರಾನು ಮಾತ್ರ. ಯಾವ ಲಾರಿಯ ದೀಪವೆಂಬ ಸಂದೇಹಕ್ಕೆ ಎಡೆಯಿಲ್ಲ. ಗ್ಲೂಆನುಗಳ ಎಣಿಕೆ ಆಗ ಬಹಳ ಸುಲಭವಾದೀತು. ಆದರೆ ಸಂದೇಹವಿಲ್ಲದ ಕಡೆ ಎರಡು ಸೀಳುಗಳೂ ಇರುವುದಿಲ್ಲ. ಸತ್ತ ರೋಗಳ ಆ ಕಪ್ಪು ಪಟ್ಟೆಯನ್ನು ನೋಡಬೇಕಾದರೆ ಮಾತ್ರ, ಒಂದನ್ನೊಂದು ಮುಟ್ಟದೆ ಹಾಯುವ ಎರಡು ಭಾರದ ಬೀಜಗಳೇ ಬೇಕು.